ಲೆಕ್ಕದಲ್ಲಿ ಚುರುಕು, ನೋಟ್ಸ್ ಮಾತ್ರ ಅಪೂರ್ಣ: ಪ್ರತಿಭೆಯೂ ಎಡಿಎಚ್‌ಡಿಯೂ ಒಂದೇ ಮಗುವಿನಲ್ಲಿ ಇರಬಹುದೇ?

ಪ್ರಶ್ನೆ: ಮಂಡ್ಯದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಮಂಡ್ಯದಲ್ಲೇ ರಾಜ್ಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಐದನೇ ತರಗತಿ ಓದುತ್ತಿದ್ದಾನೆ. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ನೋಡುವವನು ಅವನೇ. ಈ ವರ್ಷ ಒಳಹರಿವು, ಹೊರಹರಿವಿನ ಅಂಕಿಗಳನ್ನು ಹಿಡಿದುಕೊಂಡು, ಒಂದು ಕ್ಯುಸೆಕ್ ಎಂದರೆ ದಿನಕ್ಕೆ 86,400 ಘನ ಅಡಿಯಾಗುತ್ತದೆ, ಆದ್ದರಿಂದ ಅಣೆಕಟ್ಟೆಗೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಸೇರಬೇಕಾದರೆ ಹೊರಹರಿವು ಕಳೆದು ದಿನವಿಡೀ 11,574 ಕ್ಯುಸೆಕ್ ಉಳಿಯಬೇಕು ಎಂದು ತಾನೇ ಲೆಕ್ಕ ಹಾಕಿ, ಮಟ್ಟ ಯಾವಾಗ ಗರಿಷ್ಠ 124.80 ಅಡಿ ಮುಟ್ಟುತ್ತದೆ ಎಂಬುದನ್ನು ತನ್ನ ತಾತನಿಗೆ ವಿವರಿಸಿದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಹುಡುಗನ ಗಣಿತದ ನೋಟ್‌ಬುಕ್ ತೆರೆದರೆ ಉತ್ತರ ಪುಟದ ಮೂಲೆಯಲ್ಲಿರುತ್ತದೆ, ಹಂತಗಳು ಎಲ್ಲಿಯೂ ಇರುವುದಿಲ್ಲ. ಏಳನೆಯ ಲೆಕ್ಕ ಆದ ಮೇಲೆ ನೇರವಾಗಿ ಹನ್ನೊಂದನೆಯದು ಬರುತ್ತದೆ. ನಡುವಿನ ಜಾಗದಲ್ಲಿ ಅಣೆಕಟ್ಟೆಯ ಗೇಟುಗಳ ಚಿತ್ರ. ಪರಿಸರ ಅಧ್ಯಯನದ ನೋಟ್ಸ್ ಜೂನ್‌ನಿಂದಲೂ ಅಪೂರ್ಣ. ಊಟಕ್ಕೆ ಕುಳಿತರೆ ಮಧ್ಯೆ ಎದ್ದು ಹೋಗುತ್ತಾನೆ, ಆಟದಲ್ಲಿ ಸರದಿ ಕಾಯುವುದಿಲ್ಲ, ಮೇಡಂ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ಪ್ರತಿ ಪೋಷಕರ ಸಭೆಯಲ್ಲೂ ನಮಗೆ ಸಿಗುವುದು ಒಂದೇ ಮಾತು: ಬುದ್ಧಿವಂತ, ಆದರೆ ಸೋಮಾರಿ.

ಮಕ್ಕಳ ವೈದ್ಯರೊಬ್ಬರು ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ ಇರಬಹುದು, ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಶಾಲೆಯವರು ಮಾತ್ರ, ಗಣಿತದಲ್ಲಿ ಇಷ್ಟು ಮುಂದಿರುವ ಮಗುವಿಗೆ ಅಂಥದ್ದೆಲ್ಲ ಇರುವುದಿಲ್ಲ ಎನ್ನುತ್ತಿದ್ದಾರೆ. ಎರಡೂ ಒಟ್ಟಿಗೆ ಇರಲು ಸಾಧ್ಯವೇ? ಪರೀಕ್ಷೆ ಎಲ್ಲಿ, ಹೇಗೆ ಮಾಡುತ್ತಾರೆ? ಮಾತ್ರೆ ಅನಿವಾರ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1: ನಿವೃತ್ತ ಗಣಿತ ಮೇಷ್ಟ್ರು, ಮೈಸೂರು

ನೋಡಿ ತಾಯಿ, ಎರಡೂ ಒಟ್ಟಿಗೆ ಇರಲು ಖಂಡಿತ ಸಾಧ್ಯ. ರೋಗನಿರ್ಣಯ ಮಾಡುವ ಅಧಿಕಾರ ಮೇಷ್ಟ್ರುಗಳಿಗಿಲ್ಲ, ಅದನ್ನು ತಜ್ಞರೇ ಹೇಳಬೇಕು. ಆದರೆ ತರಗತಿಯಲ್ಲಿ ನಿಂತವರಿಗೆ ಕಾಣುವ ಒಂದು ವ್ಯತ್ಯಾಸವನ್ನು ಹೇಳಬಲ್ಲೆ.

ಬುದ್ಧಿವಂತ ಮಗು ಬೇಸರದಿಂದ ಚಡಪಡಿಸುವುದು ಒಂದು ಬಗೆ. ಅಂಥ ಮಗುವಿಗೆ ಅದರ ಮಟ್ಟದ ಲೆಕ್ಕ ಕೊಟ್ಟರೆ ಚಡಪಡಿಕೆ ಬಹುಮಟ್ಟಿಗೆ ನಿಲ್ಲುತ್ತದೆ, ಕೊಟ್ಟ ಕೆಲಸ ಮುಗಿದು ಮೇಜಿನ ಮೇಲೆ ಬರುತ್ತದೆ. ಇನ್ನೊಂದು ಬಗೆಯ ಮಗುವಿಗೆ ಕಷ್ಟದ ಲೆಕ್ಕ ಕೊಟ್ಟಾಗ ಅದು ಎಲ್ಲರಿಗಿಂತ ಆಳಕ್ಕೆ ಇಳಿಯುತ್ತದೆ, ನಾವು ಯೋಚಿಸದ ದಾರಿಯನ್ನೂ ಹುಡುಕುತ್ತದೆ, ಆದರೆ ನಡುವೆ ಕಳೆಯುವ ಚಿಹ್ನೆ ಕೂಡುವ ಚಿಹ್ನೆಯಾಗಿರುತ್ತದೆ, ಕೊನೆಯ ಸಾಲು ಬರೆಯುವ ಮೊದಲೇ ಮನಸ್ಸು ಮುಂದಿನದಕ್ಕೆ ಹಾರಿರುತ್ತದೆ, ಬರೆದ ಹಾಳೆ ಬ್ಯಾಗಿನ ತಳದಲ್ಲಿ ಮುದ್ದೆಯಾಗಿ ಉಳಿದಿರುತ್ತದೆ. ಇಷ್ಟದ ಕೆಲಸದಲ್ಲೂ ಜಾರುವಿಕೆ ಇದೆಯೇ ಎಂಬುದನ್ನು ನೀವು ಗಮನಿಸಬೇಕು. ಪಾಠದ ಬೇಸರಕ್ಕೆ ಸಂಬಂಧವೇ ಇಲ್ಲದ ಕಡೆ, ಅಂದರೆ ಬೆಳಿಗ್ಗೆ ಸಮವಸ್ತ್ರ ಹಾಕಿಕೊಳ್ಳುವಾಗ, ಖೋ ಖೋ ಆಡುವಾಗ, ನೆಂಟರ ಮನೆಯಲ್ಲಿ, ಇದೇ ನಡವಳಿಕೆ ಕಂಡರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀವು ಬರೆದಿರುವ ಊಟದ ಮತ್ತು ಆಟದ ವಿಷಯ ಆ ದೃಷ್ಟಿಯಿಂದ ಮುಖ್ಯ.

ಅಣೆಕಟ್ಟೆಯ ಅಂಕಿಗಳನ್ನು ಹಿಡಿದು ಗಂಟೆಗಟ್ಟಲೆ ಕೂರುತ್ತಾನಲ್ಲ, ಹಾಗಿದ್ದ ಮೇಲೆ ಗಮನದ ಕೊರತೆ ಎಲ್ಲಿಂದ ಬಂತು ಎಂದು ನಿಮ್ಮ ಶಾಲೆಯವರು ಕೇಳಬಹುದು. ಇಂಥ ಮಕ್ಕಳು ಮನಸ್ಸಿಗೆ ಹಿಡಿಸಿದ್ದರಲ್ಲಿ ಮುಳುಗಿಹೋಗುತ್ತಾರೆ. ಬೇಕಾದಾಗ, ಬೇಕಾದ ಕಡೆಗೆ, ಬೇಕಾದಷ್ಟು ಹೊತ್ತು ಗಮನವನ್ನು ತಿರುಗಿಸಿ ನಿಲ್ಲಿಸುವುದು ಅವರಿಗೆ ಕಷ್ಟ.

ತರಗತಿ ಶಿಕ್ಷಕಿಯನ್ನು ಹುಡುಗ ಹೇಗಿದ್ದಾನೆ ಎಂದು ಕೇಳಬೇಡಿ, ಹಾಗೆ ಕೇಳಿದರೆ ಸೋಮಾರಿ ಎಂಬ ಉತ್ತರವೇ ಬರುತ್ತದೆ. ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ: ಶುರು ಮಾಡುವಾಗಲೋ, ಅರ್ಧದಲ್ಲೋ, ಬೋರ್ಡಿನಿಂದ ಇಳಿಸಿಕೊಳ್ಳುವಾಗಲೋ? ಬೋರ್ಡಿನಿಂದ ಇಳಿಸಿಕೊಳ್ಳುವುದರಲ್ಲೇ ತೊಂದರೆ ಎಂದಾದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ.


ಉತ್ತರ 2: ಚಿಕಿತ್ಸಾ ಮನೋವಿಜ್ಞಾನಿ, ಮೈಸೂರು

ಮೇಡಂ, ಮೇಷ್ಟ್ರು ಹೇಳಿರುವುದನ್ನು ಒಪ್ಪುತ್ತಾ ಪರೀಕ್ಷೆಯ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಮಕ್ಕಳ ವಿಷಯದಲ್ಲಿ ವರದಿಯನ್ನು ಓದುವ ಕ್ರಮದಲ್ಲೇ ಹೆಚ್ಚಿನ ಎಡವಟ್ಟು ಆಗುತ್ತದೆ.

ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನ ಬೆಳವಣಿಗೆಯ ವಿವರ, ಪೋಷಕರು ಮತ್ತು ಶಿಕ್ಷಕರು ಬೇರೆಬೇರೆಯಾಗಿ ತುಂಬುವ ಪ್ರಶ್ನಾವಳಿಗಳು, ಮಗುವಿನೊಂದಿಗಿನ ಮಾತುಕತೆ ಇವುಗಳನ್ನು ಕೂಡಿಸಿ ನಿರ್ಧರಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ–5 ಮಾನದಂಡದ ಪ್ರಕಾರ, ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು, ಅಥವಾ ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತರಲ್ಲಿ ಕನಿಷ್ಠ ಆರು, ಆರು ತಿಂಗಳಿಗೂ ಮೇಲ್ಪಟ್ಟು ಕಾಣಬೇಕು. ಅವು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಇರಬೇಕು, ಮಗುವಿನ ದಿನನಿತ್ಯದ ಬದುಕಿಗೆ ಅಡ್ಡಿಯಾಗಿರಬೇಕು. ಬುದ್ಧಿವಂತ ಮಕ್ಕಳ ಮಟ್ಟಿಗೆ ತೊಡಕು ಬರುವುದು ಈ ಅಡ್ಡಿ ಎಂಬಲ್ಲಿಯೇ. ನಾಲ್ಕನೆಯ ತರಗತಿಯವರೆಗೆ ಕೇಳಿಸಿಕೊಂಡಷ್ಟರಿಂದಲೇ ಉತ್ತರ ಬರೆದು ಒಳ್ಳೆಯ ಅಂಕ ಪಡೆಯುತ್ತಾರೆ, ಅಂಕ ಬಂದಿದೆ ಎಂದ ಮೇಲೆ ಅಡ್ಡಿಯೇ ಇಲ್ಲ ಎಂದು ಶಾಲೆ ತೀರ್ಮಾನಿಸುತ್ತದೆ. ಪ್ರತಿಭೆ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಪ್ರತಿಭೆಯನ್ನು ಮುಚ್ಚುತ್ತದೆ, ಹೊರಗಿನಿಂದ ನೋಡುವವರಿಗೆ ಸಾಧಾರಣ ಮಗುವೊಂದು ಕಾಣುತ್ತದೆ. ಸೋಮಾರಿ ಎಂಬ ಹೆಸರು ಅಂಟಿಕೊಳ್ಳುವುದು ಇಲ್ಲಿ.

ಬುದ್ಧಿಮಾಪನದಲ್ಲೂ ಇದೇ ಆಗುತ್ತದೆ. ನಮ್ಮಲ್ಲಿ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯಿಂದ ಮುಖ್ಯವಾಗಿ ಒಂದು ಒಟ್ಟು ಅಂಕ ಸಿಗುತ್ತದೆ. ವೆಕ್ಸ್ಲರ್ ಮಾದರಿಯ ಈಗಿನ ಪರೀಕ್ಷೆಗಳು ಭಾಷಿಕ ಗ್ರಹಿಕೆ, ತರ್ಕ, ತತ್ಕಾಲದ ನೆನಪು, ಕೆಲಸದ ವೇಗ ಇವುಗಳಿಗೆ ಪ್ರತ್ಯೇಕ ಅಂಕ ಕೊಡುತ್ತವೆ. ಸರಾಸರಿ 100 ಎಂದಿಟ್ಟುಕೊಂಡರೆ 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಉದಾಹರಣೆಗೆ ಒಂದು ಮಗುವಿಗೆ ಭಾಷಿಕ ಗ್ರಹಿಕೆಯಲ್ಲಿ 136, ತರ್ಕದಲ್ಲಿ 134, ತತ್ಕಾಲದ ನೆನಪಿನಲ್ಲಿ 97, ವೇಗದಲ್ಲಿ 89 ಬಂತು ಎನ್ನೋಣ. ಇವನ್ನೆಲ್ಲ ಸೇರಿಸಿ ಬರುವ ಒಟ್ಟು ಐಕ್ಯೂವನ್ನಷ್ಟೇ ಓದುವುದು, ಕೊಡಗಿನ ಮಳೆಯನ್ನೂ ಬಯಲುಸೀಮೆಯ ನಾಗಮಂಗಲದ ಮಳೆಯನ್ನೂ ಕೂಡಿ ಭಾಗಿಸಿ, ಎರಡೂ ಕಡೆ ಹದವಾಗಿ ಮಳೆಯಾಗಿದೆ ಎಂದು ಹೇಳಿದಂತೆ. ಇಂಥ ಏರುಪೇರು ಇದ್ದಾಗ ನೆನಪು ಮತ್ತು ವೇಗವನ್ನು ಬಿಟ್ಟು ಸಾಮಾನ್ಯ ಸಾಮರ್ಥ್ಯ ಸೂಚ್ಯಂಕವನ್ನು ಲೆಕ್ಕ ಹಾಕುವ ಪದ್ಧತಿ ಇದೆ. ನಿಮ್ಮ ವರದಿಯಲ್ಲಿ ಅದನ್ನು ಬರೆಯಿಸಿಕೊಳ್ಳಿ, ಪ್ರತಿಯೊಂದು ವಿಭಾಗದ ಅಂಕವನ್ನೂ ಕೇಳಿ ಪಡೆಯಿರಿ. ಏರುಪೇರು ಇದೆ ಎಂದಾಕ್ಷಣ ಎಡಿಎಚ್‌ಡಿ ಎಂದೂ ಅಲ್ಲ. ಅದನ್ನು ಮೊದಲು ಹೇಳಿದ ಮಾನದಂಡದಿಂದಲೇ ನಿರ್ಧರಿಸಬೇಕು. ಓದು ಬರಹದ ಕಲಿಕಾ ನ್ಯೂನತೆಯನ್ನೂ ಒಟ್ಟಿಗೆ ಪರೀಕ್ಷಿಸಿದರೆ ಒಳ್ಳೆಯದು, ಏಕೆಂದರೆ ಅದು ಎಡಿಎಚ್‌ಡಿಯ ಜೊತೆ ಅನೇಕ ಮಕ್ಕಳಲ್ಲಿ ಇರುತ್ತದೆ. ಶ್ರವಣ, ದೃಷ್ಟಿ, ನಿದ್ರೆ, ಥೈರಾಯ್ಡ್, ರಕ್ತಹೀನತೆ ಇವುಗಳನ್ನು ಮಕ್ಕಳ ವೈದ್ಯರು ನೋಡುತ್ತಾರೆ.

ಎಲ್ಲಿಗೆ ಹೋಗಬೇಕೆಂದರೆ, ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ; 18 ವರ್ಷದವರೆಗಿನ ಮಕ್ಕಳಿಗಾಗಿ ಅದರ ಅಡಿಯಲ್ಲಿ ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಜನ ಕಿವಿ ಮತ್ತು ಮಾತಿನ ತೊಂದರೆಗೆ ಮಾತ್ರ ಎಂದುಕೊಂಡಿದ್ದಾರೆ, ಅಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗವೂ ಇದೆ. ತೊಡಕಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ. ಯಾರನ್ನು ಮೊದಲು ಕಾಣಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಖಾಸಗಿಯಾಗಿ ಮಾಡಿಸುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದವರೇ ಎಂದು ವಿಚಾರಿಸಿಕೊಳ್ಳಿ.

ಮಾತ್ರೆ ಪ್ರತಿ ಮಗುವಿಗೂ ಅನಿವಾರ್ಯವಲ್ಲ. ತೊಂದರೆ ಮಧ್ಯಮಕ್ಕಿಂತ ಹೆಚ್ಚಿದ್ದಾಗ ವೈದ್ಯರು ಮೀಥೈಲ್‌ಫೆನಿಡೇಟ್ ಕೊಡುವುದುಂಟು. ಅದರ ಪರಿಣಾಮ ತೆಗೆದುಕೊಂಡ ದಿನವೇ ಕಾಣುತ್ತದೆ. ಹಸಿವು ಕಡಿಮೆಯಾಗುವುದು, ನಿದ್ರೆ ತಡವಾಗುವುದು ಸಾಮಾನ್ಯ ಅಡ್ಡಪರಿಣಾಮಗಳು, ಆದ್ದರಿಂದ ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆಗಾಗ ನೋಡಬೇಕು. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಬಗೆಯ ಔಷಧ ಕೆಲಸ ಆರಂಭಿಸಲು ಕೆಲವು ವಾರ ಬೇಕು. ಯಾವುದೂ ಬುದ್ಧಿಯನ್ನು ಹೆಚ್ಚಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ಮಾತ್ರೆ ತೆಗೆದುಕೊಂಡ ಮೇಲೆ ಮಗು ಮಂಕಾಯಿತು ಎನ್ನಿಸಿದರೆ ಪ್ರಮಾಣವನ್ನು ಮತ್ತೆ ನೋಡಬೇಕೆಂದು ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.


ಉತ್ತರ 3: ಶ್ರೀರಂಗಪಟ್ಟಣದ ಓದುಗರು

ನಮ್ಮ ಕಾಲದಲ್ಲಿ ತುಂಟ ಹುಡುಗರಿಗೆ ಇಂಥ ಹೆಸರುಗಳಿರಲಿಲ್ಲ. ನಾಲ್ಕು ಏಟು ಬೀಳುತ್ತಿತ್ತು, ಗದ್ದೆಯಲ್ಲಿ ಕೆಲಸ ಇರುತ್ತಿತ್ತು, ಎಲ್ಲರೂ ಸರಿಹೋದರು. ಈಗ ಮೊಬೈಲು, ಬೇಕರಿ ತಿಂಡಿ, ಸಕ್ಕರೆ. ಬುದ್ಧಿವಂತ ಹುಡುಗನಿಗೆ ಒಂದು ಕಾಯಿಲೆಯ ಹೆಸರು ಅಂಟಿಸಿ ಅವನ ಆತ್ಮವಿಶ್ವಾಸ ಕೆಡಿಸಬೇಡಿ ಎಂಬುದು ನನ್ನ ವಿನಂತಿ.


ಉತ್ತರ 4: ಚಿಕಿತ್ಸಾ ಮನೋವಿಜ್ಞಾನಿ, ಮೈಸೂರು

ಹಿರಿಯರೇ, ಚುರುಕಾದ ಪ್ರತಿ ಮಗುವಿಗೂ ಹೆಸರು ಅಂಟಿಸಬಾರದು ಎಂಬ ನಿಮ್ಮ ಆತಂಕ ನ್ಯಾಯವಾದುದೇ. ಆರು ತಿಂಗಳು, ಎರಡು ಸ್ಥಳ ಎಂಬ ಕಟ್ಟುಪಾಡುಗಳನ್ನು ಇಟ್ಟಿರುವುದೂ ಅದಕ್ಕಾಗಿಯೇ. ಸಕ್ಕರೆಯ ವಿಷಯದಲ್ಲಿ ಮಾತ್ರ ಮಂಡ್ಯ ಜಿಲ್ಲೆಯವರಾದ ನೀವು ಅದಕ್ಕೆ ಅನ್ಯಾಯ ಮಾಡಬಾರದು: ಹಲವು ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಕ್ಕರೆ ಮಕ್ಕಳ ನಡವಳಿಕೆಯನ್ನು ಬದಲಿಸುವುದು ಕಂಡುಬರಲಿಲ್ಲ. ಅವಳಿ ಮಕ್ಕಳ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ. 70ರಿಂದ 80 ಎಂದು ತೋರಿಸಿವೆ. ಎಲ್ಲರೂ ಸರಿಹೋದರು ಎನ್ನುವಾಗ, ಲೆಕ್ಕದಲ್ಲಿ ಮುಂದಿದ್ದೂ ಏಳನೆಯ ತರಗತಿಗೇ ಶಾಲೆ ಬಿಟ್ಟವರು ಆ ಎಣಿಕೆಯಲ್ಲಿ ಬರುವುದಿಲ್ಲ. ಇನ್ನು ಹೆಸರಿನ ಮಾತು: ಈ ಹುಡುಗನಿಗೆ ಸೋಮಾರಿ ಎಂಬ ಹೆಸರು ಆಗಲೇ ಬಿದ್ದಿದೆಯಲ್ಲ, ಆತ್ಮವಿಶ್ವಾಸವನ್ನು ಕೆಡಿಸಲು ಅದೇ ಸಾಕು.


ಉತ್ತರ 5: ಕುವೆಂಪುನಗರದ ಒಬ್ಬ ತಂದೆ

ನಮ್ಮದು ಇದಕ್ಕೆ ತದ್ವಿರುದ್ಧದ ಕಥೆ, ಆದರೂ ಬೇರೆ ಪೋಷಕರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ನಮ್ಮ ಮಗಳು ಎಂದೂ ಗಲಾಟೆ ಮಾಡಿದವಳಲ್ಲ. ಕಿಟಕಿಯ ಕಡೆ ನೋಡುತ್ತಾ ಕುಳಿತಿರುತ್ತಿದ್ದಳು, ವಯಸ್ಸಿಗೆ ಮೀರಿದ ಪುಸ್ತಕಗಳನ್ನು ಓದುತ್ತಿದ್ದಳು, ಏಳನೇ ತರಗತಿಯವರೆಗೆ ಅಂಕಗಳೂ ಚೆನ್ನಾಗಿದ್ದವು. ಎಂಟನೆಯ ತರಗತಿಯಲ್ಲಿ ದೀರ್ಘ ಉತ್ತರಗಳು ಹೆಚ್ಚಾದಾಗ ಎಲ್ಲವೂ ಕುಸಿಯಿತು. ಉತ್ತರಪತ್ರಿಕೆಯಲ್ಲಿ ಅರ್ಧ ವಾಕ್ಯಗಳು, ಬರೆಯಲು ಮರೆತುಹೋದ ಪ್ರಶ್ನೆಗಳು. ಒಂಬತ್ತನೆಯ ತರಗತಿಯಲ್ಲಿ ಪರೀಕ್ಷೆ ಮಾಡಿಸಿದಾಗ ಚಡಪಡಿಕೆ ಇಲ್ಲದ, ಗಮನದ ತೊಂದರೆ ಮಾತ್ರ ಇರುವ ಎಡಿಎಚ್‌ಡಿ ಎಂದೂ, ಅದರ ಜೊತೆಗೇ ಬಹಳ ಉನ್ನತ ಸಾಮರ್ಥ್ಯವೆಂದೂ ತಿಳಿಯಿತು. ಹೆಣ್ಣುಮಕ್ಕಳಲ್ಲಿ ಈ ಬಗೆ ತಡವಾಗಿ ಪತ್ತೆಯಾಗುವುದು ಸಾಮಾನ್ಯವಂತೆ; ಯಾರಿಗೂ ತೊಂದರೆ ಕೊಡದ ಮಗುವನ್ನು ಯಾರು ಗಮನಿಸುತ್ತಾರೆ?

ವೈದ್ಯರ ಸಲಹೆಯಂತೆ ಮಾತ್ರೆ ಶುರು ಮಾಡಿದೆವು. ಮಧ್ಯಾಹ್ನದ ಡಬ್ಬಿ ಹಾಗೆಯೇ ವಾಪಸು ಬರತೊಡಗಿದ್ದರಿಂದ, ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ ಕೊಟ್ಟು ರಾತ್ರಿಯ ಊಟವನ್ನು ಗಟ್ಟಿ ಮಾಡಿದೆವು. ಓದುವ ಮೇಜಿನ ಎದುರು ಮುಳ್ಳಿರುವ ಗೋಡೆ ಗಡಿಯಾರ ಹಾಕಿದೆವು, ಸಮಯ ಸರಿಯುವುದು ಅವಳ ಕಣ್ಣಿಗೆ ಕಾಣಬೇಕಿತ್ತು. ಅವಳು ಬರೆಯುವಾಗ ನಾನು ಪಕ್ಕದಲ್ಲಿ ನನ್ನ ಕಚೇರಿಯ ಕಡತ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದೆ, ಮಾತಿಲ್ಲ, ಉಪದೇಶವಿಲ್ಲ. ಇದು ಇಷ್ಟು ಕೆಲಸ ಮಾಡುತ್ತದೆಂದು ನಾವು ನಿರೀಕ್ಷಿಸಿರಲಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳುವುದನ್ನು ಮನೆಯವರೆಲ್ಲ ಅಭ್ಯಾಸ ಮಾಡಿಕೊಂಡೆವು. ಶೂ ಹಾಕಿಕೋ, ಬ್ಯಾಗ್ ನೋಡು, ಅಜ್ಜಿಗೆ ಹೇಳಿ ಬಾ ಎಂದು ಮೂರನ್ನೂ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ಆಗುತ್ತಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದು. ಅವಳಿಗೆ ಹಕ್ಕಿಗಳ ಹುಚ್ಚು. ಅಂಕ ಇಳಿದಾಗ ಕುಕ್ಕರಹಳ್ಳಿ ಕೆರೆಗೆ ಹೋಗುವುದನ್ನು ನಿಲ್ಲಿಸಿ ಎಂದು ಬಂಧುಗಳು ಹೇಳಿದರು, ನಾವು ನಿಲ್ಲಿಸಲಿಲ್ಲ. ವಿಜ್ಞಾನದ ಶಿಕ್ಷಕಿಯೊಬ್ಬರು ಅವಳು ಕೆರೆಯ ದಂಡೆಯಲ್ಲಿ ದಿನಾಂಕ ಹಾಕಿ ಬರೆದಿಟ್ಟ ಹಕ್ಕಿಗಳ ಪಟ್ಟಿಯನ್ನೇ ಚಾರ್ಟಿನ ಬದಲು ಪ್ರಾಜೆಕ್ಟ್ ಎಂದು ಒಪ್ಪಿಕೊಂಡರು, ಆ ವರ್ಷ ಅವಳು ಪೂರ್ತಿಯಾಗಿ ಮುಗಿಸಿ ಒಪ್ಪಿಸಿದ ಪ್ರಾಜೆಕ್ಟ್ ಅದೊಂದೇ. ನಿಮ್ಮ ಮಗನಿಗೆ ಓಡಾಟವೂ ಬೇಕು ಎಂದು ಕಾಣುತ್ತದೆ. ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿಸಲು ಪ್ರಯತ್ನಿಸಿ. ನಾಟಕದಲ್ಲಿ ತನ್ನ ಸರದಿ ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ, ಕಾಯುವುದಕ್ಕೊಂದು ಕಾರಣವೂ ಇರುತ್ತದೆ.


ಪ್ರಶ್ನೆ ಕೇಳಿದವರು: ಮಂಡ್ಯದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸುತ್ತೇವೆ. ಅಲ್ಲಿಯವರೆಗೆ ಶಾಲೆಯದೇ ಒಂದು ಸಮಸ್ಯೆ. ಶನಿವಾರದ ಗಣಿತ ಕ್ಲಬ್ಬಿಗೆ ಅವನು ಕಾದು ಕುಳಿತಿರುತ್ತಾನೆ, ಆದರೆ ಎಲ್ಲ ನೋಟ್ಸ್ ಮುಗಿಸಿದವರಿಗೆ ಮಾತ್ರ ಪ್ರವೇಶ ಎಂದು ನಿಯಮ ಮಾಡಿದ್ದಾರೆ. ಈ ವರ್ಷ ಒಮ್ಮೆಯೂ ಅವನಿಗೆ ಹೋಗಲು ಆಗಿಲ್ಲ. ನಮ್ಮ ಭಾವನವರು ಅಬ್ಯಾಕಸ್ ತರಗತಿಗೆ ಸೇರಿಸಿ ಎನ್ನುತ್ತಿದ್ದಾರೆ. ಕಾನೂನಿನ ಪ್ರಕಾರ ಶಾಲೆಯಿಂದ ಏನಾದರೂ ಕೇಳಬಹುದೇ? ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಸಬೇಕೆಂಬ ಆಸೆಯೂ ಇದೆ.


ಉತ್ತರ 6: ನಿವೃತ್ತ ಗಣಿತ ಮೇಷ್ಟ್ರು, ಮೈಸೂರು

ತಾಯಿ, ಆ ನಿಯಮ ತಲೆಕೆಳಗಾಗಿದೆ. ಗಣಿತ ಕ್ಲಬ್ ಆ ಹುಡುಗನಿಗೆ ಬಹುಮಾನವಲ್ಲ, ಅದು ಅವನ ಪಾಠ. ಅವನಿಗೆ ಯಾವುದು ಅತಿ ಕಷ್ಟವೋ ಅದನ್ನು ಮುಗಿಸಿದ ಮೇಲೆಯೇ ಅವನ ಮಟ್ಟದ ಪಾಠ ಎಂದರೆ, ಅವನು ಎಂದಿಗೂ ಆ ಬಾಗಿಲು ದಾಟುವುದಿಲ್ಲ. ಕುಂಟುವ ಕಡೆ ಊರುಗೋಲು ಕೊಡಬೇಕು, ಓಡುವ ಕಡೆ ಬಯಲು ಬಿಡಬೇಕು, ಅದೂ ಒಂದೇ ವಾರದಲ್ಲಿ, ಒಂದನ್ನು ಇನ್ನೊಂದಕ್ಕೆ ಷರತ್ತು ಮಾಡದೆ. ಅಬ್ಯಾಕಸ್ ಬೇಡವೆಂದೇ ನನ್ನ ಅಭಿಪ್ರಾಯ. ಕ್ಯುಸೆಕ್ಕನ್ನು ಟಿಎಂಸಿಗೆ ತಾನಾಗಿ ಪರಿವರ್ತಿಸುವ ಹುಡುಗನಿಗೆ ಇನ್ನಷ್ಟು ವೇಗದ ಕೂಡುವಿಕೆ ಏಕೆ? ಅವನಿಗೆ ಬೇಕಾದದ್ದು ಹೊಸ ಬಗೆಯ ಸಮಸ್ಯೆಗಳು.

ಕಾನೂನಿನ ವಿಷಯದಲ್ಲಿ ಸ್ಥಿತಿ ಸ್ವಲ್ಪ ತೊಡಕಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಆದ್ದರಿಂದ ಕಲಿಕಾ ನ್ಯೂನತೆಯೂ ಇದೆ ಎಂದು ತಜ್ಞರು ಹೇಳಿದರೆ ಪ್ರಮಾಣಪತ್ರವನ್ನು ಬೇಗ ಮಾಡಿಸಿಟ್ಟುಕೊಳ್ಳಿ, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗೆ ಬೇಕಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಶಿಕ್ಷಕರು ಹೆಚ್ಚುವರಿ ಕಲಿಕಾ ಸಾಮಗ್ರಿ ಮತ್ತು ಮಾರ್ಗದರ್ಶನ ಕೊಟ್ಟು ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ, ಮುಖ್ಯೋಪಾಧ್ಯಾಯರ ಮುಂದೆ ಅದನ್ನು ಪ್ರಸ್ತಾಪಿಸಬಹುದು. ಆದರೆ ಕಾನೂನು ಹಿಡಿದು ಒಳಗೆ ಹೋಗಬೇಡಿ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆದು, ಮಾಡಲು ಸುಲಭವಾದದ್ದನ್ನು ಮಾತ್ರ ಕೇಳಿ.

ಲೆಕ್ಕದ ಅಭ್ಯಾಸದಲ್ಲಿ ಕೊನೆಯ, ಅತಿ ಕಷ್ಟದ ನಾಲ್ಕನ್ನು ಅವನು ಮೊದಲು ಮಾಡಲಿ. ನಾಲ್ಕೂ ಸರಿಯಾದರೆ ಉಳಿದವನ್ನು ಮನ್ನಾ ಮಾಡಲಿ, ಆದರೆ ಆ ನಾಲ್ಕರಲ್ಲಿ ಎರಡಕ್ಕೆ ಪ್ರತಿಯೊಂದು ಹಂತವನ್ನೂ ಬರೆಯಲೇಬೇಕು, ಏಕೆಂದರೆ ಮುಂದೆ ಹಂತಕ್ಕೂ ಅಂಕ ಇರುತ್ತದೆ ಮತ್ತು ಅವನ ತಪ್ಪು ಅವನಿಗೇ ಸಿಗುವುದು ಅಲ್ಲಿ. ಪರಿಸರ ಅಧ್ಯಯನದ ನೋಟ್ಸನ್ನು ಸಹಪಾಠಿಯ ಪುಸ್ತಕದಿಂದ ನೀವು ಫೋಟೊ ತೆಗೆದುಕೊಂಡು ಅಂಟಿಸಿ, ಅವನು ಪ್ರತಿ ಪಾಠಕ್ಕೆ ಮುಖ್ಯ ಪದಗಳನ್ನು ಮಾತ್ರ ತನ್ನ ಕೈಯಲ್ಲಿ ಬರೆದು ಪಾಠವನ್ನು ಬಾಯಲ್ಲಿ ಹೇಳಲಿ. ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸಲಿ. ಬೋರ್ಡ್ ಒರೆಸುವುದು, ಹಾಜರಿ ಪುಸ್ತಕ ಒಯ್ಯುವುದು ಇಂಥ ಎದ್ದು ಓಡಾಡುವ ಕೆಲಸಗಳನ್ನು ಅವನಿಗೇ ವಹಿಸಲಿ. ಉತ್ತರ ಕೂಗುವ ಬದಲು ಚೀಟಿಯಲ್ಲಿ ಬರೆದಿಟ್ಟುಕೊಂಡು ತನ್ನ ಸರದಿ ಬಂದಾಗ ತೋರಿಸಲಿ. ದಿನದ ಕೊನೆಯಲ್ಲಿ ಶಿಕ್ಷಕಿ ಡೈರಿಯಲ್ಲಿ ಆ ದಿನ ಆದ ಒಂದು ಒಳ್ಳೆಯ ಸಂಗತಿಯನ್ನೂ ಬರೆದರೆ ಮನೆಯಲ್ಲಿ ಮಾತು ದೂರಿನಿಂದ ಶುರುವಾಗುವುದಿಲ್ಲ.

ನವೋದಯ ಪರೀಕ್ಷೆಯನ್ನು ಬರೆಸಿ. ಅಲ್ಲಿ 80 ಪ್ರಶ್ನೆ, ಎರಡು ಗಂಟೆ, ಉತ್ತರದ ವೃತ್ತವನ್ನು ಓಎಂಆರ್ ಹಾಳೆಯಲ್ಲಿ ತುಂಬಬೇಕು. ಇಂಥ ಹುಡುಗರು ಸೋಲುವುದು ಲೆಕ್ಕದಲ್ಲಲ್ಲ, ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ವೃತ್ತಗಳು ಒಂದು ಸಾಲು ಸರಿದುಬಿಡುವುದರಲ್ಲಿ. ಪ್ರಶ್ನೆಯ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು ವೃತ್ತ ತುಂಬುವುದನ್ನು, ಐದೈದಕ್ಕೆ ಒಮ್ಮೆ ನಿಂತು ಸಂಖ್ಯೆ ತಾಳೆ ನೋಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಪತ್ರ ಕೊಟ್ಟು ಸುಮ್ಮನಾಗಬೇಡಿ. ಆರು ವಾರದ ನಂತರದ ಒಂದು ದಿನವನ್ನು ಅಲ್ಲೇ ಗೊತ್ತು ಮಾಡಿಕೊಂಡು ಬನ್ನಿ. ಆ ಹೊತ್ತಿಗೆ ತಜ್ಞರ ವರದಿಯೂ ಕೈಗೆ ಬಂದಿದ್ದರೆ ಅದರ ಪ್ರತಿಯನ್ನು ತರಗತಿ ಶಿಕ್ಷಕಿಗೇ ನೇರವಾಗಿ ಕೊಡಿ, ಕಚೇರಿಯಲ್ಲಿ ಕೊಟ್ಟರೆ ಅದು ಕಡತದಲ್ಲೇ ಉಳಿಯುತ್ತದೆ.